ಸೋಮವಾರದ ನಾಲ್ಕು ಸೆಕೆಂಡು

ಚಂದ್ರಣ್ಣ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದಕ್ಕೆ ಬೆರಳು ತುರುಕಿ, ಹೆಣದ ತಲೆಯ ಕಡೆಯಿಂದ ಕಾಲ ಕಡೆಗೆ, ಕಾಲ ಕಡೆಯಿಂದ ತಲೆಯ ಕಡೆಗೆ ನಡೆಯುತ್ತ ಕೂಗುತ್ತಿದ್ದ.

"ಹುಲಿಯಪ್ಪ ಕಣ್ರೀ, ಹುಲಿಯಪ್ಪ! ಕೊಂಡ್ಲಹಳ್ಳಿ ಕಡೆಯೋನು, ಕುರಿ ಕಾಯ್ತಾನೆ... ಹಾಂ? ಯಾವ ಬ್ಯಾಂಕು? ನಂಗೆ ಯಾವ ಸಾಲಾನೂ ಬ್ಯಾಡಮ್ಮ, ಇಲ್ಲಿ ಎದುರಿಗೆ ಹೆಣ ಐತೆ."

"ಮೆಲ್ಲಗೆ ಮಾತಾಡೋ. ಹಿಂಗೆ ಅರಚಿದ್ರೆ ಜುಂಜಕ್ಕ ಎದ್ದು ಕುಂತು, ತಾ ಇಲ್ಲಿ ನಾನು ಮಾತಾಡ್ತೀನಿ ಅಂತಾಳೆ" ಎಂದಳು ಪಕ್ಕದ ಮನೆಯ ತಿಪ್ಪೇರುದ್ರಮ್ಮ. ಅಂದವಳಿಗೆ ತಾನು ಆಡಿದ್ದು ನಗೆಮಾತೆಂದು ತಡವಾಗಿ ಹೊಳೆದು, ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

ಪಂಚಾಯ್ತಿ ಮೆಂಬರಾದ ಮೇಲೆ ಚಂದ್ರಣ್ಣನಿಗೆ ಕರೇಗುಂಡಿನ ಹಟ್ಟಿಯ ಬೀದಿದೀಪಗಳ ಜೊತೆಗೆ ಸಾವುಗಳ ಉಸ್ತುವಾರಿಯೂ ಬಂದಿತ್ತು. ಬೀದಿದೀಪಗಳಿಗಿಂತ ಸಾವುಗಳನ್ನು ಅವನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಎಂಟಕ್ಕೆಲ್ಲ ಸಿದ್ದಾಪುರದಿಂದ ಚಪ್ಪರದ ಗಳ ಬಂದಿದ್ದವು, ಹೋಟೆಲಿನಿಂದ ಕ್ಯಾನಿನಲ್ಲಿ ಚಹಾ ಬಂದಿತ್ತು, ಗುಂಡಿ ತೋಡುವವರು ಗುದ್ದಲಿ ಹಿಡಿದು ಹೋಗಿದ್ದರು. ಅಂಗಳದಲ್ಲಿ ನಲವತ್ತು ಜನರಿದ್ದರು, ಫೋನುಗಳು ಐವತ್ತರ ಮೇಲಿದ್ದವು. ಅಷ್ಟರಲ್ಲಿ ಒಂದರೊಳಗೂ ಬೇಕಾದ ಒಬ್ಬನ ನಂಬರು ಇರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಈ ಹಟ್ಟಿಯಲ್ಲಿ ಇದ್ದದ್ದು ಒಂದೇ ಫೋನು. ಅದರ ಒಡತಿ ಜುಂಜಮ್ಮ ಈಗ ಚಪ್ಪರದ ಕೆಳಗೆ ಚಾಪೆಯ ಮೇಲೆ, ಮೂಗಿಗೆ ಹತ್ತಿ ಇಡಿಸಿಕೊಂಡು ಮಲಗಿದ್ದಳು. ಭಾನುವಾರ ಜ್ವರ ಬಂದಿತ್ತು, ಬುಧವಾರ ಬೆಳಗಿನ ಜಾವ ಹೋಗಿದ್ದಳು. ಅರವತ್ತೆರಡೋ ಅರವತ್ನಾಲ್ಕೋ ಎಂಬ ಬಗ್ಗೆ ಆಧಾರ್ ಕಾರ್ಡಿಗೂ ತಿಪ್ಪೇರುದ್ರಮ್ಮನಿಗೂ ಒಮ್ಮತವಿರಲಿಲ್ಲ.

ಮಗಳು ಗಂಗಲಕ್ಷ್ಮಿ ದೊಡ್ಡಉಳ್ಳಾರ್ತಿಯಿಂದ ಗಂಡನ ಬೈಕಿನಲ್ಲಿ ಬಂದು ತಾಯಿಯ ತಲೆದೆಸೆಯಲ್ಲಿ ಕೂತಿದ್ದಳು. ಅಲ್ಲಿನ ಕಾವಲಿನಲ್ಲಿ, ಹಿಂದೆ ದನಕುರಿ ಮೇಯುತ್ತಿದ್ದ ಬಯಲಲ್ಲಿ, ಹೊಸದಾಗಿ ಎದ್ದ ಕ್ಯಾಂಪಸ್ಸೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಅವಳದು. ಮೈಮೇಲೆ ಇನ್ನೂ ಕೆಲಸದ ನೀಲಿ ಕೋಟಿತ್ತು. ಅದನ್ನು ಬಿಚ್ಚಬೇಕೆಂದು ಅವಳಿಗೂ ನೆನಪಿರಲಿಲ್ಲ, ಬೇರೆ ಯಾರಿಗೂ ಹೇಳಲು ಧೈರ್ಯವಿರಲಿಲ್ಲ.

"ಗಂಗೂ, ನಾನೊಂದು ಮಾತು ಹೇಳ್ತೀನಿ" ಎಂದು ಹಟ್ಟಿಯ ಹಿರಿಯ ಕಾಮಣ್ಣ ಕೋಲೂರಿ ಹತ್ತಿರ ಬಂದ. "ತವರಿನ ಸೀರೆ ಬೀಳದೆ ಹೆಣ್ಣಿನ ಹೆಣ ಎತ್ತಬಾರದು, ನಿಜ. ಆದ್ರೆ ತಮ್ಮನೇ ಹೊದಿಸಬೇಕು ಅಂತೇನಿಲ್ಲ. ತವರಿನ ಬೆಡಗಿನೋರು, ಆ ಕುಲದೋರು ಯಾರಾದ್ರೂ ಆಗ್ತೈತೆ. ಕೊಂಡ್ಲಹಳ್ಳಿಯಿಂದ ಇಬ್ಬರು ಬಂದವ್ರೆ."

"ಆಗಂಗಿಲ್ಲ ಅಜ್ಜ."

"ಯಾಕಾಗಂಗಿಲ್ಲ?"

"ಅವ್ವ ಹೇಳಿತ್ತು. ಹೊದಿಸಿದ್ರೆ ನನ್ನ ತಮ್ಮ ಹುಲಿಯ ಹೊದಿಸಲಿ, ಇಲ್ಲಾಂದ್ರೆ ಬರೀ ಮೈಯಾಗೆ ಕಳ್ಸು, ಇನ್ನೊಬ್ಬರ ಸೀರೆ ಮುಟ್ಟಿಸಬ್ಯಾಡ ಅಂತ. ಹೋದ ದೀಪಾವಳಿಗೆ ಹೇಳಿತ್ತು, ಅದಕ್ಕೂ ಹಿಂದಿನ ದೀಪಾವಳಿಗೂ ಹೇಳಿತ್ತು."

"ಅವನು ಈ ಅಂಗಳಕ್ಕೆ ಕಾಲಿಟ್ಟು ಹದಿನಾಕು ವರ್ಷ ಆಯ್ತಲ್ಲಮ್ಮ."

"ಗೊತ್ತು."

ಕಾಮಣ್ಣ ಬಿಸಿಲು ನೋಡಿದ. ಹೆಣ ಮುಂದಿಟ್ಟುಕೊಂಡ ಹಟ್ಟಿಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನಲವತ್ತು ಹೊಟ್ಟೆಗಳ ಪರವಾಗಿ ಅವನು ಕೇಳಿದ: "ಎಷ್ಟೊತ್ತು ಕಾಯಣ?"

"ನಾಕು ಗಂಟೆ."

"ನಾಕಕ್ಕೆ ಎತ್ತೋದೇ ಮತ್ತೆ" ಎಂದು ಕಾಮಣ್ಣ ಹೋಗಿ ಬೇವಿನ ನೆರಳಲ್ಲಿ ಕೂತ.

*

ಫೋನು ಹಟ್ಟಿಗೆ ಬಂದದ್ದು ಹೆಂಗಸರ ಸಂಘದ ಮೂಲಕ. ಹಳ್ಳಿಯ ಮಹಿಳೆಯರನ್ನು ಉದ್ಯಮಿಗಳನ್ನಾಗಿ ಮಾಡುತ್ತೇವೆಂದು ಯಾವುದೋ ಸಂಸ್ಥೆಯವರು ಮೊಳಕಾಲ್ಮೂರಿನಲ್ಲಿ ಎರಡು ದಿನ ತರಬೇತಿ ಇಟ್ಟು, ಮಧ್ಯಾಹ್ನ ಚಿತ್ರಾನ್ನ ಹಾಕಿ, ಕೊನೆಗೆ ಒಂದು ಮೊಬೈಲು, ಒಂದು ಪ್ರಮಾಣಪತ್ರ ಮತ್ತು 'ಹಳ್ಳಿ ಫೋನ್ ಸೇವೆ' ಎಂಬ ತಗಡಿನ ಬೋರ್ಡು ಕೊಟ್ಟು ಕಳಿಸಿದರು. ಗಂಡನನ್ನು ಕಳೆದುಕೊಂಡು ವರ್ಷವಾಗಿದ್ದ ಜುಂಜಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಕುರಿ ಎಣಿಸಿ ಬೆಳೆದವರಿಗೆ ಅಂಕಿ ಯಾರೂ ಕಲಿಸಬೇಕಿಲ್ಲ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿಗೆ ತೂಗುಹಾಕಿದಳು. ಅದರ ಮೇಲಿದ್ದ ಸಾಹೇಬರ ಸಹಿಗೆ ಹಬ್ಬದ ದಿನ ಕುಂಕುಮ ಬೀಳುತ್ತಿತ್ತು.

ತರಬೇತಿಯವರು ಒಂದು ಸಂಗತಿ ವಿಚಾರಿಸಿರಲಿಲ್ಲ. ಹಟ್ಟಿಯಲ್ಲಿ ಸಿಗ್ನಲ್ ಇರಲಿಲ್ಲ. ಅದು ಸಿಗುತ್ತಿದ್ದುದು ಹಟ್ಟಿಯ ಹಿಂದಿನ ಕರೇಗುಂಡು ಬಂಡೆಯ ನೆತ್ತಿಯಲ್ಲಿ, ಅದೂ ಮೂಡಲಿಗೆ ಮುಖ ಮಾಡಿ ಕೂತರೆ. ಬಂಡೆಯ ಮೇಲಿಂದ ಜನಕ್ಕೆ ಮಾತು ಮುಟ್ಟಿಸುವುದು ಆ ಸೀಮೆಗೆ ಹೊಸದೇನಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಎರಡು ಸಾವಿರದ ಚಿಲ್ಲರೆ ವರ್ಷದ ಹಿಂದೆ ಅಶೋಕ ಚಕ್ರವರ್ತಿ ಅದನ್ನೇ ಮಾಡಿದ್ದ. ಅವನ ಬಂಡೆಗೆ ಸರ್ಕಾರ ಮಾಡು ಕಟ್ಟಿಸಿತ್ತು. ಜುಂಜಮ್ಮ ಕಂಬಳಿಯ ಕೊಪ್ಪೆ ಹೊದ್ದು ಕೂರುತ್ತಿದ್ದಳು.

ಹಟ್ಟಿಯ ಗಂಡಸರು ಬೇಸಿಗೆಗೆ ಮುಂಚೆ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಬಯಲಿಗೋ ಬಳ್ಳಾರಿಯ ಕಾಲುವೆ ಕಡೆಗೋ ಹೋದರೆ ಮಳೆಗೇ ತಿರುಗುತ್ತಿದ್ದುದು. ಅಲ್ಲಿನ ಬೂತುಗಳಿಂದ ಅವರು ಜುಂಜಮ್ಮನ ಫೋನಿಗೆ ಕರೆ ಮಾಡುತ್ತಿದ್ದರು. ಒಬ್ಬೊಬ್ಬರ ಹೆಂಡಿರನ್ನೂ ಬಂಡೆ ಹತ್ತಿಸುವುದು ಆಗದ ಮಾತು. ಹಾಗಾಗಿ ಜುಂಜಮ್ಮ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮೇಲೆ ಕೂತು, ಮಾತುಗಳನ್ನೆಲ್ಲ ತಲೆಗೆ ತುಂಬಿಕೊಂಡು ಇಳಿದು, ಮನೆಮನೆಗೆ ಹೋಗಿ ಅವರವರ ದನಿಯಲ್ಲೇ ಒಪ್ಪಿಸುತ್ತಿದ್ದಳು. ಕೆಮ್ಮಿದ್ದರೆ ಕೆಮ್ಮುತ್ತಿದ್ದಳು. ಹೆಂಗಸರು ಉತ್ತರವನ್ನೂ ಅವಳಿಗೇ ಕೊಡುತ್ತಿದ್ದರು. ನಾಚಿಕೆ, ಬೈಗುಳ, ಮುನಿಸು ಎಲ್ಲ ಗಂಡನ ಲೆಕ್ಕದಲ್ಲಿ ಜುಂಜಮ್ಮನ ಮುಖಕ್ಕೆ.

"ನಿನ್ನ ಗಂಡ ಕೇಳ್ತಾನೆ, ಕರೀ ಮೇಕೆ ಈಯ್ತಾ ಅಂತ."

"ನಾನು ಹೆಂಗಿದೀನಿ ಅಂತ ಕೇಳಲಿಲ್ವಾ?" ಎಂದಳು ಆಗಿನ್ನೂ ಕೂದಲು ಕಪ್ಪಗಿದ್ದ ತಿಪ್ಪೇರುದ್ರಮ್ಮ.

"ಇಲ್ಲ."

"ಮೇಕೆ ಈಯ್ತು, ಎರಡು ಮರಿ, ನಾನು ಸತ್ತೆ ಅಂತ ಹೇಳು."

ಸಂಜೆ ಜುಂಜಮ್ಮ ಬಂಡೆ ಹತ್ತಿ ಒಂದಕ್ಷರ ಬಿಡದೆ ಹಾಗೆಯೇ ಹೇಳಿದಳು. ಮೂರನೆಯ ದಿನ ತಿಪ್ಪೇರುದ್ರಮ್ಮನ ಗಂಡ ಧೂಳುಮುಖ ಮಾಡಿಕೊಂಡು ಓಡಿ ಬಂದ. ಹೆಂಡತಿ ಮುದ್ದೆ ತಿರುವುತ್ತಿದ್ದುದನ್ನು ಕಂಡು, ಮೊದಲು ಮೇಕೆಮರಿಗಳನ್ನು ನೋಡಿ, ಆಮೇಲೆ ಜಗಳಕ್ಕೆ ನಿಂತ.

ಉದ್ಯಮಿಗೆ ಒಂದೇ ಒಂದು ನಿಯಮವಿತ್ತು. ಅದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ಹಸಿದ ಹೊಟ್ಟೆಗೆ ಕೆಟ್ಟ ಸುದ್ದಿ ಹೇಳುತ್ತಿರಲಿಲ್ಲ. ಕುರಿಗೆ ರೋಗ ಬಿದ್ದದ್ದಾಗಲಿ, ಮನುಷ್ಯ ಬಿದ್ದದ್ದಾಗಲಿ, ಹೊಸ್ತಿಲಲ್ಲಿ ನಿಂತು ಮೊದಲು "ಉಂಡ್ಯಾ?" ಎನ್ನುವಳು. ಇಲ್ಲ ಎಂದರೆ ಒಳಗೆ ಹೋಗಿ ತಾನೇ ಬಡಿಸಿ, ಎದುರಿಗೆ ಕೂತು ಉಣ್ಣಿಸಿ, ಕೈ ತೊಳೆದ ಮೇಲೆ ಹೇಳುವಳು. "ಕೇಳಿದ ಮ್ಯಾಲೆ ಎರಡು ದಿನ ಅನ್ನ ಇಳಿಯಂಗಿಲ್ಲ. ಈವಾಗ್ಲೇ ಒಂದಿಷ್ಟು ಒಳಗಿರಲಿ" ಎಂಬುದು ಅವಳ ವಾದ. ಬರಬರುತ್ತ ಹಟ್ಟಿಯವರಿಗೆ ಜುಂಜಮ್ಮ ಊಟದ ಮಾತೆತ್ತಿದರೇ ಎದೆ ಹೊಡೆದುಕೊಳ್ಳತೊಡಗಿತು. ತಿಪ್ಪೇರುದ್ರಮ್ಮ ಒಂದು ಸಲ ಸುದ್ದಿ ಕೇಳಬಾರದೆಂದೇ ಅರ್ಧ ದಿನ ಉಪವಾಸ ಕೂತಿದ್ದಳು. ಅಷ್ಟಾಗಿ ಸತ್ತಿದ್ದು ಅವಳ ಗಂಡನ ದೂರದ ಷಡ್ಡಕ.

*

ಹತ್ತೂವರೆಗೆ ಗಂಗಲಕ್ಷ್ಮಿ ಎದ್ದು ಒಳಗೆ ಹೋಗಿ ತಾಯಿಯ ಹಾಸಿಗೆ ಕೊಡವಿದಳು. ದಿಂಬಿನ ಕೆಳಗೆ ಗುಂಡಿಗಳಿರುವ ಹಳೇ ಫೋನು ಸಿಕ್ಕಿತು. ಐದರ ಗುಂಡಿಯ ಮೇಲಿನ ಅಂಕಿ ಸವೆದುಹೋಗಿತ್ತು. ಹೆಸರುಗಳ ಪಟ್ಟಿ ಖಾಲಿ. ಜುಂಜಮ್ಮ ಯಾರ ಹೆಸರನ್ನೂ ಅದರೊಳಗೆ ಹಾಕಿದವಳಲ್ಲ.

"ಹಸಿರು ಗುಂಡಿ ಒತ್ತು. ಯಾರಿಗೆ ಮಾಡೈತೋ ಬರ್ತೈತೆ" ಎಂದ ಚಂದ್ರಣ್ಣ ಬಾಗಿಲಲ್ಲಿ ನಿಂತು.

ಒತ್ತಿದಳು. ಒಂದು ನಂಬರು ಬಂತು. ಅದರ ಕೆಳಗೆ ಅದೇ ನಂಬರು. ಅದರ ಕೆಳಗೂ ಅದೇ.

ಚಂದ್ರಣ್ಣ ಫೋನು ಇಸಕೊಂಡು ಒಂದೊಂದನ್ನೇ ಬಿಚ್ಚಿ ನೋಡಿದ. "ಸೋಮವಾರ, ಸಂಜೆ ಆರು. ನಾಕು ಸೆಕೆಂಡು. ಇದು ಅದರ ಹಿಂದಿನ ಸೋಮವಾರ. ಆರು ಗಂಟೆ. ನಾಕು ಸೆಕೆಂಡು. ಇದು ಮೂರು. ಇದು ನಾಕು... ಏನಮ್ಮ ಇದು, ನಾಕು ಸೆಕೆಂಡಿನಾಗೆ ಏನು ಮಾತಾಡಾಕಾಗುತ್ತೆ?"

"ಯಾರ ನಂಬರು?"

ನಂಬರು ಒತ್ತಿದರೆ ಹೆಸರು ತೋರಿಸುವ ಆ್ಯಪೊಂದು ಚಂದ್ರಣ್ಣನ ಫೋನಿನಲ್ಲಿತ್ತು. ಚುನಾವಣೆಯಲ್ಲಿ ಅದು ಅವನಿಗೆ ಬಹಳ ಒದಗಿತ್ತು. ಅದರೊಳಗೆ ಹಾಕಿ ನೋಡಿದ. "ಹುಲಿಯಪ್ಪ ಕುರಿ ಕೊಂಡ್ಲಹಳ್ಳಿ" ಎಂದು ಬಂತು.

ಗಂಗಲಕ್ಷ್ಮಿ ಬಗ್ಗಿ ಅದನ್ನು ಇನ್ನೊಮ್ಮೆ ಓದಿದಳು.

"ಮಾತು ಬಿಟ್ಟಿದ್ರಲ್ಲಮ್ಮ ಅವರು" ಎಂದ ಚಂದ್ರಣ್ಣ.

"ನಾಕು ಸೆಕೆಂಡು ಮಾತಲ್ಲವಲ್ಲ" ಎಂದಳು ಗಂಗಲಕ್ಷ್ಮಿ.

ಪಟ್ಟಿಯ ತುದಿಯಲ್ಲಿದ್ದದ್ದು ಹೋದ ವಾರದ ಸೋಮವಾರ. ಈ ಸೋಮವಾರ ಇರಲಿಲ್ಲ. ಜ್ವರ ಏರಿದ್ದ ದಿನ. ಬಂದ ಕರೆಗಳದು ಬೇರೆಯೇ ಪಟ್ಟಿ. ಅಲ್ಲಿ ತನ್ನ ನಂಬರು ಎಷ್ಟು ದಿನಕ್ಕೊಮ್ಮೆ ಇದೆ ಎಂದು ನೋಡಲು ಗಂಗಲಕ್ಷ್ಮಿ ಹೋಗಲಿಲ್ಲ.

ಚಂದ್ರಣ್ಣ ಆ ನಂಬರಿಗೆ ಮಾಡಿದ. ಸ್ವಿಚ್ ಆಫ್ ಆಗಿದೆ ಎಂದು ರೆಕಾರ್ಡಿನ ಹೆಂಗಸು ಮೊದಲು ಕನ್ನಡದಲ್ಲೂ ಆಮೇಲೆ ಇಂಗ್ಲಿಷಿನಲ್ಲೂ ಹೇಳಿದಳು. ಅಂಗಳದಲ್ಲಿದ್ದವರೆಲ್ಲ ನಂಬರು ಬರೆದುಕೊಂಡು ಒಬ್ಬೊಬ್ಬರಾಗಿ ಮಾಡಿ ನೋಡಿದರು. ತಮ್ಮ ಫೋನಿಗಾದರೆ ಸಿಗಬಹುದೆಂಬ ನಂಬಿಕೆ ಪ್ರತಿಯೊಬ್ಬರಿಗೂ ಇತ್ತು. ರೆಕಾರ್ಡಿನ ಹೆಂಗಸು ಯಾರಿಗೂ ಭೇದ ಮಾಡಲಿಲ್ಲ.

*

ಹದಿನಾಲ್ಕು ವರ್ಷದ ಹಿಂದೆ ಹುಲಿಯಪ್ಪ ಸಿದ್ದಾಪುರದ ಹೊಲಗಳಲ್ಲಿ ಮಂದೆ ಹಾಕಿದ್ದ. ಹೆಂಡತಿ ಚೊಚ್ಚಲ ಬಾಣಂತನಕ್ಕೆ ರಾಯದುರ್ಗದ ಕಡೆಯ ತನ್ನ ತವರಿಗೆ ಹೋಗಿದ್ದಳು. ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ.

ಹನ್ನೊಂದು ಗಂಟೆಗೆ ಬಂಡೆಯ ಮೇಲೆ ಫೋನು ಹೊಡೆದುಕೊಂಡಿತು. ಹೊತ್ತಲ್ಲದ ಹೊತ್ತು. ಜುಂಜಮ್ಮ ರೀಚಾರ್ಜು ಆಗಿದೆಯೋ ನೋಡಲೆಂದು ಸುಮ್ಮನೆ ಹತ್ತಿದ್ದಳು.

"ಮೀ ತಮ್ಮುಣ್ಣಿ ತೊಂದರಗಾ ಪಂಪಮ್ಮಾ" ಎಂದಿತು ರಾಯದುರ್ಗದ ಕಡೆಯ ಒಂದು ಗಂಡುದನಿ, ತೆಲುಗಿನಲ್ಲಿ. ನಿನ್ನ ತಮ್ಮನನ್ನು ಬೇಗ ಕಳಿಸಮ್ಮ. ರಕ್ತ ನಿಲ್ಲುತ್ತಿಲ್ಲ, ಬಳ್ಳಾರಿಗೆ ಒಯ್ಯುತ್ತಿದ್ದೇವೆ, ಮಗು ಹೋಯಿತು.

ಹುಲಿಯಪ್ಪ ಗುಡ್ಡದ ಹಿಂದೆ ಎಲ್ಲಿದ್ದಾನೋ ತಿಳಿಯದು. ಹುಡುಕಲು ಹೊರಟಾಗ ಅವನು ಬೇರೆ ದಾರಿಯಿಂದ ಮನೆಗೆ ಬಂದುಬಿಟ್ಟರೆ? ಜುಂಜಮ್ಮ ಕೆಳಗಿಳಿದು ಮುದ್ದೆಗೆ ಎಸರಿಟ್ಟಳು. ಹನ್ನೆರಡೂವರೆಗೆ ಅವನು ಬಂದ. ಒಂದು ಗಂಟೆಗೆ ಬಸ್ಸು. ಬೇಗ ಉಂಡರೆ ಬಸ್ಸೂ ಸಿಕ್ಕುತ್ತದೆ, ಹೊಟ್ಟೆಯೂ ತುಂಬಿರುತ್ತದೆ, ಬಳ್ಳಾರಿಯಲ್ಲಿ ಅವನಿಗೆ ಯಾರು ಬಡಿಸುತ್ತಾರೆ ಎಂದು ಲೆಕ್ಕ ಹಾಕಿ ಬಡಿಸಿದಳು.

ಆದರೆ ತನಗೆ ಅವಸರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಕುರಿ ಕುಂಟುತ್ತಿರುವುದನ್ನು ಹೇಳಿದ. ಹುಟ್ಟುವುದು ಗಂಡಾದರೆ ಮನೆದೇವರು ಜುಂಜಪ್ಪನ ಹೆಸರಿಡುತ್ತೇನೆಂದ. ಹುರುಳಿ ಸಾರು ಚೆನ್ನಾಗಿದೆಯೆಂದ.

"ಇನ್ನೊಂದು ಮುದ್ದೆ ಐತಾ ಅಕ್ಕ?"

ಐತೆ ಎಂದು ಬಡಿಸಿದಳು. ಅವನು ಅದನ್ನು ಮುರಿದು ಸಾರಿಗದ್ದುವಾಗ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಮುಂದಿನ ಬಸ್ಸು ನಾಲ್ಕಕ್ಕೆ. ಅವನು ಬಳ್ಳಾರಿ ಮುಟ್ಟಿದಾಗ ಹೆಂಡತಿ ಹೋಗಿ ಒಂದು ಗಂಟೆಯಾಗಿತ್ತು. ಕೊನೆಯ ತನಕ ಎಚ್ಚರವಿತ್ತಂತೆ. ಬಾಗಿಲು ಸದ್ದಾದಾಗಲೆಲ್ಲ ಬಂದರಾ ಎಂದು ಕೇಳುತ್ತಿದ್ದಳಂತೆ.

ಒಂಬತ್ತು ದಿನದ ಮೇಲೆ ಮಂದೆ ಹೊಡೆದುಕೊಂಡು ಹೋಗಲು ಬಂದವನು ಅಂಗಳದ ಆಚೆಯೇ ನಿಂತು ಕೇಳಿದ:

"ಅಕ್ಕಾ, ಆ ಎರಡನೇ ಮುದ್ದೆ ಬಡಿಸಿದ್ಯಲ್ಲ. ಆವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

ಕುರಿಗಳಿಗೆ ಸಿಳ್ಳೆ ಹಾಕಿ ಹೋದ.

ಅಂದಿನಿಂದ ಜುಂಜಮ್ಮ ಯಾರನ್ನೂ ಉಂಡ್ಯಾ ಎಂದು ಕೇಳಲಿಲ್ಲ. ಎಂಥ ಸುದ್ದಿಯನ್ನೂ ಹೊಸ್ತಿಲಲ್ಲಿ ನಿಂತ ಕಾಲಿನಲ್ಲೇ ಹೇಳಿ ಹೋಗತೊಡಗಿದಳು. ಹಟ್ಟಿಯವರಿಗೆ ಅದೂ ಹಿಡಿಸಲಿಲ್ಲ. "ಪೋಸ್ಟ್‌ಮನ್ ಆಗ್ಯಾಳೆ" ಎಂದು ದೂರಿದರು. ಮೂರು ವರ್ಷಕ್ಕೆ ಸಿದ್ದಾಪುರದಲ್ಲಿ ಟವರು ಎದ್ದಿತು. ಮನೆಮನೆಗೂ ಫೋನು ಬಂದು ದೂರುವ ಅಗತ್ಯವೂ ಇಲ್ಲವಾಯಿತು. ಗಂಡಂದಿರು ನೇರವಾಗಿ ಹೆಂಡಿರನ್ನೇ ಕೇಳಲಾರಂಭಿಸಿದರು, ಮೇಕೆ ಈಯಿತೇ ಎಂದು. ಜುಂಜಮ್ಮ ಮಾತ್ರ ಒಂದು ವರ್ಷ ಬೆಳಿಗ್ಗೆ ಸಂಜೆ ಬಂಡೆ ಹತ್ತಿ ಕೂತಳು.

"ಸಿಗ್ನಲ್ಲು ಈಗ ಕೆಳಗೂ ಬಂದೈತೆ ಜುಂಜಕ್ಕ" ಎಂದು ತಿಪ್ಪೇರುದ್ರಮ್ಮ ಕೆಳಗಿಂದ ಕೂಗಿ ಹೇಳಿದಳು.

"ಗೊತ್ತು" ಎಂದು ಮೇಲಿಂದ ಉತ್ತರ ಬಂತು.

*

ಒಂದು ಗಂಟೆಯ ಹೊತ್ತಿಗೆ, ಕೊಂಡ್ಲಹಳ್ಳಿಯವರಲ್ಲಿ ಒಬ್ಬರಿಂದ ಇನ್ನೊಬ್ಬರನ್ನು ಹಿಡಿದು, ಹುಲಿಯಪ್ಪನ ಜೊತೆ ಕುರಿ ಕಾಯುವ ಯತ್ತಪ್ಪನೆಂಬವನ ನಂಬರು ಸಿಕ್ಕಿತು. ಚಂದ್ರಣ್ಣ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಹಿಂದೆ ಕುರಿಗಳ ದನಿಯೂ ಕೇಳಿಸಿತು.

"ಮಲೇಬೆನ್ನೂರು ಹತ್ರ ಗದ್ದೆಯಾಗೆ ಇದ್ದೀವಣ್ಣ. ಹುಲಿಯಪ್ಪಣ್ಣ ಇಲ್ಲಿಲ್ಲ. ಬೆಳಿಗ್ಗೆ ಕೋಳಿ ಕೂಗೋ ಹೊತ್ತಿಗೇ ಹೊರಟೋಯ್ತು."

"ಎಲ್ಲಿಗೆ ಹೋದ?"

"ಕೇಳಿದ್ದಕ್ಕೆ ಬೈತು. ಕುರಿ ನೋಡ್ಕಳಲೇ, ಬಾಯಿ ಮುಚ್ಕಳಲೇ ಅಂತು. ಸೋಮವಾರದಿಂದ ಅದು ಸರಿಗಿಲ್ಲಣ್ಣ. ಫೋನ್ ಕೈಯಾಗೆ ಹಿಡ್ಕೊಂಡು ಬದುವಿನ ಮೇಲೆ ಕುಂತಿತ್ತು. ಚಾರ್ಜು ಮುಗಿಯೋ ತನಕ ಕುಂತಿತ್ತು."

ಯತ್ತಪ್ಪನಿಗೆ ಸುದ್ದಿ ಹೇಳಿ ಫೋನಿಟ್ಟರು. ಅಂಗಳದಲ್ಲಿ ಚರ್ಚೆ ಶುರುವಾಯಿತು. ಇತ್ತಲೇ ಬರುತ್ತಿದ್ದಾನೆಂದು ಕೆಲವರು, ಹದಿನಾಲ್ಕು ವರ್ಷ ಬಾರದವನು ಬೇರೆಲ್ಲಿಗೋ ಹೋಗಿರುತ್ತಾನೆಂದು ಕೆಲವರು. ಚಂದ್ರಣ್ಣ ಎರಡೂ ಪಕ್ಷಕ್ಕೆ ತಲೆಯಾಡಿಸಿ, ಗಂಗಲಕ್ಷ್ಮಿಗೆ ಕಾಣದಂತೆ ಒಬ್ಬನನ್ನು ಮೊಳಕಾಲ್ಮೂರಿಗೆ ಓಡಿಸಿ ಒಂದು ಸೀರೆ ತರಿಸಿ, ತನ್ನ ಬೈಕಿನ ಬ್ಯಾಗಿನಲ್ಲಿ ಇಟ್ಟುಕೊಂಡ. ರಾಜಕೀಯದಲ್ಲಿ ಇರುವವನಿಗೆ ಇನ್ನೊಂದು ವ್ಯವಸ್ಥೆ ಇರಲೇಬೇಕು.

ನಾಲ್ಕಾಯಿತು. ಬೇವಿನ ನೆರಳಲ್ಲಿ ಕಾಮಣ್ಣ ಎದ್ದು ನಿಂತ. ನಾಲ್ವರು ಚಟ್ಟದ ಬಳಿ ಬಂದರು.

ಗಂಗಲಕ್ಷ್ಮಿ ಚಟ್ಟದ ಬಿದಿರನ್ನು ಎರಡೂ ಕೈಯಿಂದ ಹಿಡಿದು ಕೂತಳು. "ನಾಕೂಕಾಲಿನ ಬಸ್ಸು ಬರಲಿ."

"ಮಾತು ಮಾತೇ ಕಣಮ್ಮ. ನಾಕು ಅಂದಿದ್ದಿ."

"ನಾನೆಂದಾದ್ರೂ ಏನಾದ್ರೂ ಕೇಳಿದೀನಾ ಅಜ್ಜ ಈ ಹಟ್ಟಿಯೋರನ್ನ? ಒಂದು ಬಸ್ಸು."

ಕಾಮಣ್ಣ ಕೋಲಿನ ತುದಿಯಿಂದ ನೆಲ ಕೆದಕಿದ. ಹಟ್ಟಿಯಿಂದ ರಸ್ತೆ ಕಾಣುತ್ತಿತ್ತು, ನಡುವೆ ಒಣಗಿದ ಶೇಂಗಾ ಹೊಲಗಳು ಮಾತ್ರ. ನಾಲ್ಕು ಇಪ್ಪತ್ತೈದಕ್ಕೆ ಬಸ್ಸು ಬಂದು ನಿಂತಿತು. ಧೂಳು ಎದ್ದಿತು. ಬಸ್ಸು ಹೋಯಿತು. ಧೂಳು ಅಡಗಿದಾಗ ಅಲ್ಲೊಬ್ಬ ಮನುಷ್ಯನಿದ್ದ.

ನಲವತ್ತು ಜನ ಒಬ್ಬನ ನಡಿಗೆ ನೋಡುತ್ತ ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅವನಿಗೆ ಆತುರವಿದ್ದಂತೆ ಕಾಣಲಿಲ್ಲ. ಹೊಲದ ಬದುವಿನಲ್ಲಿ ಒಂದು ಕಡೆ ನಿಂತು ಚಪ್ಪಲಿಯೊಳಗಿನ ಮುಳ್ಳು ತೆಗೆದುಕೊಂಡ. ಕಳ್ಳಿಬೇಲಿಯ ಹತ್ತಿರ ಬಂದಾಗ ಚಪ್ಪರ ಕಂಡಿತು, ಜನ ಕಂಡರು. ನಿಂತುಬಿಟ್ಟ. ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿ ಮತ್ತೆ ಅದೇ ಹೆಜ್ಜೆಯಲ್ಲಿ ಬಂದ.

ಚಂದ್ರಣ್ಣ ಎದುರಿಗೆ ಹೋಗಿ, "ಹುಲಿಯಪ್ಪಣ್ಣ, ಏನು ಹೇಳೋದು, ಬೆಳಗಿನ ಜಾವ..." ಎಂದು ಶುರು ಮಾಡಿದ.

"ಕಾಣ್ತೈತೆ ಬಿಡು" ಎಂದ ಅವನು.

ಅಕ್ಕನ ಮುಂದೆ ನಿಂತು ನೋಡಿದ. ಅಳಲಿಲ್ಲ, ಕೂರಲಿಲ್ಲ. ನೋಡುತ್ತಲೇ ಇದ್ದ. ಕಾಮಣ್ಣ ಕೆಮ್ಮಿದ.

"ತವರಿನ ಸೀರೆ ತಂದ್ಯೇನಪ್ಪ?"

ಹುಲಿಯಪ್ಪ ಕೈಚೀಲದ ಕಡೆ ನೋಡಿಕೊಂಡ. ಒಳಗೆ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ ಇದ್ದವು. "ಜ್ವರ ಗಿರ ಬಂದಿರಬೇಕು ಅಂದ್ಕೊಂಡಿದ್ದೆ" ಎಂದ.

ಚಂದ್ರಣ್ಣ ಹೋಗಿ ಬೈಕಿನ ಬ್ಯಾಗಿನಿಂದ ಸೀರೆ ತಂದ. ಗಂಗಲಕ್ಷ್ಮಿ ತಲೆಯೆತ್ತಿ ಅವನನ್ನು ನೋಡಿದಳು.

"ಇನ್ನೊಬ್ಬರದು ಅಲ್ಲಮ್ಮ ಇದು" ಎಂದ ಚಂದ್ರಣ್ಣ ಅವಸರವಾಗಿ. "ಅವನ ಕೈಗೆ ಕೊಡಾದು, ಅವನ ಕೈಯಿಂದ ಇಸ್ಕಳಾದು. ಅಲ್ಲಿಗೆ ಅವನದಾಯ್ತು. ಏನಂತಿ ಕಾಮಜ್ಜ?"

ಕಾಮಣ್ಣ ಹಟ್ಟಿಯ ಕಟ್ಟಳೆಯನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿ, ಹಸಿವನ್ನೂ ವಿಚಾರಿಸಿ, "ಆಗ್ತೈತೆ" ಎಂದ.

ಸೀರೆಯನ್ನು ಹುಲಿಯಪ್ಪನ ಕೈಗಿಟ್ಟರು. ಇಸಕೊಳ್ಳಲು ತಿಪ್ಪೇರುದ್ರಮ್ಮ ಕೈ ಚಾಚಿದಳು. ಅವನು ಕೊಡಲಿಲ್ಲ. ಮಡಿಕೆ ಬಿಚ್ಚಿ, ಅಂಚಿಗೆ ಅಂಟಿಸಿದ್ದ ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದ. ಅದು ಸುಲಭಕ್ಕೆ ಬರಲಿಲ್ಲ. ನಲವತ್ತು ಜನರ ಮುಂದೆ ಎಂಜಲು ಹಚ್ಚಿ ಕೆರೆದ, ಚೂರುಚೂರಾಗಿ ಕೆರೆದ. ಪೂರ್ತಿ ಹೋದ ಮೇಲೆ ತಾನೇ ಬಗ್ಗಿ, ಕೊರಳಿನಿಂದ ಪಾದದ ತನಕ ಹೊದಿಸಿ, ಪಾದದ ಹತ್ತಿರ ಗಾಳಿಗೆ ಹಾರದಂತೆ ಅಂಚನ್ನು ಒಳಗೆ ಸೇರಿಸಿದ. ಎಳೆ ಮಕ್ಕಳಿಗೆ ಹೊದಿಕೆ ಸೇರಿಸಿದ ಹಾಗೆ.

ಆಗ ಗಂಗಲಕ್ಷ್ಮಿ ಬಿದಿರಿನಿಂದ ಕೈ ಬಿಟ್ಟಳು.

*

ಕರೇಗುಂಡಿನ ಬುಡದಲ್ಲಿ ಗಂಡನ ಪಕ್ಕಕ್ಕೆ ಜುಂಜಮ್ಮನನ್ನು ಇಳಿಸಿದರು. ಮಣ್ಣು ಹಾಕುವಾಗ ಯಾರದೋ ಜೇಬಿನಲ್ಲಿ ಫೋನು ಹಾಡತೊಡಗಿ, ಅವನು ಅದನ್ನು ಹೊರಗೆ ತೆಗೆಯಲಾರದೆ ಬಟ್ಟೆಯ ಮೇಲಿಂದಲೇ ಹಿಸುಕಿ ಕೊಂದ. ಸ್ನಾನಕ್ಕೆಂದು ಜನ ಬೇಗ ಬೇಗ ಕರಗಿದರು. ತಿಪ್ಪೇರುದ್ರಮ್ಮನ ಮನೆಯಲ್ಲಿ ಒಲೆ ಹೊತ್ತಿಕೊಂಡಿತು.

ಹುಲಿಯಪ್ಪ ಮಾತ್ರ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ಕೂತಿದ್ದ.

"ಹೋಗಿ ಕರಕಂಡು ಬಾ ಗಂಗೂ, ಎಲ್ಲರಿಗೂ ಎಡೆ ಆಗೈತೆ" ಎಂದು ತಿಪ್ಪೇರುದ್ರಮ್ಮ ಕಳಿಸಿದಳು. ಗಂಗಲಕ್ಷ್ಮಿ ಹೋದಳು. ಮಾವನ ಹತ್ತು ಮಾರು ಹಿಂದೆ ನಿಂತಳು. ಊಟಕ್ಕೆ ಬಾ ಎನ್ನಬೇಕು, ಎರಡೇ ಮಾತು. ಬಾಯಿಗೆ ಬರಲಿಲ್ಲ. ನೀಲಿ ಕೋಟಿನ ಗುಂಡಿಯನ್ನು ಹಾಕುತ್ತ ಬಿಚ್ಚುತ್ತ ನಿಂತಳು.

ಅವನಿಗೆ ಅವಳು ಬಂದದ್ದು ತಿಳಿದಿತ್ತು. ತಿರುಗದೆ ಹೇಳಿದ:

"ಒಂಬತ್ತು ವರ್ಷ ಮಾಡಿದ್ಲು. ನಂಗೆ ಫೋನ್ ಬಂದಾಗಿಂದ. ನಂಬರ್ ಯಾರು ಕೊಟ್ರೋ ಏನೋ. ಸೋಮವಾರ ಆರು ಗಂಟೆ ಅಂದ್ರೆ ಆರೇ ಗಂಟೆ. ಎತ್ತುತಿದ್ದೆ. ಹುಲಿಯಾ ಅಂತಿದ್ಲು. ಅಷ್ಟೇ."

"ನೀನೇನಂತಿದ್ದೆ ಮಾವ?"

"ಏನಿಲ್ಲ. ಅದಾಳೆ ಅಂತ ಗೊತ್ತಾಗ್ತಿತ್ತು, ಕಟ್ ಮಾಡ್ತಿದ್ದೆ."

ಗಾಳಿಗೆ ಚೀಲ ಸದ್ದು ಮಾಡಿತು. ಅವನು ಅದನ್ನು ತೊಡೆಯ ಮೇಲೆ ಎಳೆದುಕೊಂಡ.

"ಹುಲಿಯಾ ಅಂದ ಮ್ಯಾಲೆ ಇನ್ನೊಂದು ಏನೋ ಕೇಳಾಕೆ ಬಾಯಿ ತೆಗೀತಿದ್ಲು. ಉಸಿರು ಕೇಳ್ತಿತ್ತು. ಏನು ಕೇಳ್ತಾಳೆ ಅಂತ ನಂಗೂ ಗೊತ್ತಿತ್ತು. ಲೋಕದಾಗೆ ಯಾರು ಯಾರಿಗೆ ಫೋನ್ ಮಾಡಿದ್ರೂ ಕೇಳೋದು ಅದೊಂದೇ ಅಲ್ವಾ. ಆಕೆಗೆ ಕೇಳಾಕೆ ಆಗ್ತಿರಲಿಲ್ಲ. ನಾನೂ ಕೇಳಿಸಿಕೊಳ್ಳೋ ತನಕ ಇರ್ತಿರಲಿಲ್ಲ."

ಗಂಗಲಕ್ಷ್ಮಿಗೆ ಹತ್ತಿರ ಹೋಗಬೇಕೆನಿಸಿತು. ಹೋಗಲಿಲ್ಲ. ಹೊತ್ತು ಬಂಡೆಯ ಆಚೆ ಇಳಿದು, ನೆರಳು ಗುಡ್ಡೆಯ ಮೇಲೆ ಹಾದು ಹೊಲದ ಕಡೆ ಹರಿಯುತ್ತಿತ್ತು. ತಿಪ್ಪೇರುದ್ರಮ್ಮ ದೂರದಿಂದ ಒಮ್ಮೆ ಕೂಗಿದಳು.

ಹುಲಿಯಪ್ಪ ಚೀಲದಿಂದ ಒಂದು ಮೂಸಂಬಿ ತೆಗೆದ. ದಪ್ಪನೆಯ ಹೆಬ್ಬೆರಳು ಊರಿ ಸಿಪ್ಪೆ ಸುಲಿದ. ಬಿಳಿ ನಾರನ್ನು ಎಳೆಎಳೆಯಾಗಿ ಕಿತ್ತು, ತೊಳೆಗಳನ್ನು ಬಿಡಿಸಿದ. ಒಂದೊಂದು ತೊಳೆಯನ್ನೂ ಬೆನ್ನಿನ ಕಡೆ ಸೀಳಿ, ಹಲ್ಲಿಲ್ಲದವರಿಗೆ ಕೊಡುವಂತೆ, ಬೀಜವನ್ನು ಹೊರಕ್ಕೆ ಒತ್ತಿದ. ಬೀಜ ಎಡಗೈಯ ಹಿಡಿಯೊಳಗೆ ಹೋಯಿತು, ತೊಳೆ ಹಸಿಮಣ್ಣಿನ ಮೇಲೆ ಕೂತಿತು. ಅದರ ಪಕ್ಕಕ್ಕೆ ಇನ್ನೊಂದು. ಅದರ ಪಕ್ಕಕ್ಕೆ ಇನ್ನೊಂದು. ಒಂದರಲ್ಲಿ ಬೀಜ ಉಳಿದಿತ್ತೇನೋ. ಇಟ್ಟದ್ದನ್ನು ಮತ್ತೆ ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಉಳಿದಿದ್ದ ಬೆಳಕಿನಲ್ಲಿ ಹುಡುಕತೊಡಗಿದ.